ವೀರಗಲ್ಲಿನ ಕೆಳಗಿನ ಹಂತ

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಮದುವೆ ಫೋಟೋ ತೆಗೆದುಕೊಂಡಿದ್ದವನಿಗೆ ಯುದ್ಧದ ಫೋಟೋ ಬಗ್ಗೆ ಮಾತಾಡಿ ಅಂದಿದ್ದೀರಿ. ನಾನು ಕಂಡ ದೊಡ್ಡ ಕಾದಾಟ ಎಂದರೆ ಎರಡನೇ ಪಂಕ್ತಿಗೆ ಎಲೆ ಹಿಡಿಯುವಾಗ ಆಗುವುದು. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಹಳೇಬೀಡು, ಅರಸೀಕೆರೆ ಕಡೆ ವೀರಗಲ್ಲು ನೋಡಿರುತ್ತೀರಿ. ಕೆಲವಕ್ಕೆ ಕುಂಕುಮ ಇಟ್ಟಿರುತ್ತಾರೆ, ಕೆಲವು ಸುಮ್ನೆ ಬೇಲಿಗೆ ಒರಗಿರುತ್ತವೆ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾದಾಟ. ತುರುಗೊಳ್ ಕಲ್ಲಾದರೆ, ಅಂದರೆ ದನಗಳಿಗಾಗಿ ಕಾದಾಡಿ ಸತ್ತವನ ಕಲ್ಲಾದರೆ, ದನಗಳೂ ಇರುತ್ತವೆ. ಮಧ್ಯದಲ್ಲಿ ಅಪ್ಸರೆಯರು ಸತ್ತವನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಮನೆಯವರಿಗೆ ಆ ಮೇಲಿನ ಎರಡು ಹಂತ ಬೇಕಿತ್ತು, ಅಲ್ವಾ? ಕ್ಯಾಮೆರಾಗೆ ಅವು ಸಿಗುವುದಿಲ್ಲ. ಅದು ಕೆಳಗಿನ ಹಂತದಲ್ಲೇ ನಿಂತುಬಿಡುತ್ತದೆ. ಒಂದೊಂದು ಫೋಟೋ ಐವತ್ತು ವರ್ಷವಾದರೂ ಕಾಡುವುದು ಇದಕ್ಕೇ ಅನ್ನಿಸುತ್ತದೆ.

1971ರ ಯುದ್ಧ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಡಿಸೆಂಬರ್ 16ರ ಢಾಕಾ. ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿದ್ದಾನೆ, ಪಕ್ಕದಲ್ಲಿ ನಮ್ಮ ಜನರಲ್ ಅರೋರಾ. ಅದು ಮೇಲಿನ ಹಂತ. ಅದೇ ಯುದ್ಧಕ್ಕೆ ಕಿಶೋರ್ ಪಾರೇಖ್ ಎಂಬ ಫೋಟೋಗ್ರಾಫರ್ ಯಾರೂ ಕಳಿಸದಿದ್ದರೂ ತಾವೇ ಹೋದರು. ಎರಡು ವಾರದಲ್ಲಿ ತೆಗೆದವುಗಳಿಂದ 67 ಚಿತ್ರಗಳು ಪುಸ್ತಕವಾದವು. ಅದರಲ್ಲಿ ಒಂದನ್ನು ನಾನು ಮರೆತಿಲ್ಲ. ನಮ್ಮದೇ ಸೈನಿಕ ಹಳ್ಳಿಯವನೊಬ್ಬನ ಲುಂಗಿ ಎಳೆದು, ಒಳಗೆ ಆಯುಧ ಇದೆಯಾ ಎಂದು ಇಣುಕುತ್ತಿದ್ದಾನೆ. ಗುಂಡಿಲ್ಲ, ರಕ್ತವಿಲ್ಲ. ಲುಂಗಿ ಉಟ್ಟು ಗೊತ್ತಿರುವವರಿಗೆ ಮಾತ್ರ ಆ ಮನುಷ್ಯನ ನಾಚಿಕೆ ಪೂರ್ತಿ ಅರ್ಥವಾಗುತ್ತದೆ. ಗೆದ್ದ ಕಡೆಯವರಾಗಿದ್ದುಕೊಂಡು ಇದನ್ನು ತೆಗೆದರಲ್ಲ, ಅದು ದೊಡ್ಡದು.

ಹಾಗಂತ ಕೆಳಗಿನ ಹಂತ ಯಾವಾಗಲೂ ನಿಜ ಹೇಳುತ್ತದೆ ಅಂದುಕೊಳ್ಳಬೇಡಿ. 1858ರಲ್ಲಿ ಫೆಲಿಚೆ ಬಿಯಾಟೊ ಎಂಬ ಫೋಟೋಗ್ರಾಫರ್ ಲಖನೌಗೆ ಬಂದ. ಅಲ್ಲಿನ ಸಿಕಂದರ್ ಬಾಗ್‌ನಲ್ಲಿ 1857ರ ದಂಗೆಯ ಸಿಪಾಯಿಗಳು ಸತ್ತು ಆಗಲೇ ತಿಂಗಳುಗಳಾಗಿದ್ದವು. ಅವನ ಚಿತ್ರದಲ್ಲಿ ಕಟ್ಟಡದ ಮುಂದೆ ಮೂಳೆಗಳು ಹರಡಿವೆ. ಫೋಟೋಗೆಂದೇ ಅವನ್ನು ಹೊರಗೆ ತೆಗೆಸಿದ್ದರು ಎಂದು ಆ ಕಾಲದ ಬ್ರಿಟಿಷ್ ಅಧಿಕಾರಿಯೊಬ್ಬ ಬರೆದಿದ್ದಾನೆ. ನಾವು ಮದುವೆ ಮಂಟಪದಲ್ಲಿ ‘ಸ್ವಲ್ಪ ಈ ಕಡೆ ತಿರುಗಿ’ ಅಂತೀವಲ್ಲ, ಅವನು ಮೂಳೆಗಳಿಗೆ ಹೇಳಿದ.

ಏನನ್ನೂ ಜೋಡಿಸದೆ ತೆಗೆದವರಿಗೂ ನೆಮ್ಮದಿ ಇಲ್ಲ. ವಿಯೆಟ್ನಾಂ ಯುದ್ಧದಲ್ಲಿ, 1968ರ ಫೆಬ್ರವರಿ 1ರಂದು ಸೈಗಾನ್ ಬೀದಿಯಲ್ಲಿ ಪೊಲೀಸ್ ಮುಖ್ಯಸ್ಥ ಲೋನ್, ಕೈಕಟ್ಟಿದ ಸೆರೆಯಾಳಿನ ತಲೆಗೆ ಗುಂಡು ಹೊಡೆದ. ಫೋಟೋಗ್ರಾಫರ್ ಎಡ್ಡಿ ಆಡಮ್ಸ್ ಕ್ಲಿಕ್ ಮಾಡಿದರು. ಅಮೆರಿಕದ ದೊಡ್ಡ ಪತ್ರಿಕಾ ಪ್ರಶಸ್ತಿ ಪುಲಿಟ್ಜರ್ ಬಂತು. ಆದರೆ ಫೋಟೋ ಅರ್ಧ ಸತ್ಯವಷ್ಟೇ ಎಂದು ಮುಂದೆ ಅವರೇ ಬರೆದರು. ಆ ಒಂದು ಚಿತ್ರ ಲೋನ್‌ನ ಬದುಕನ್ನೂ ಮುಗಿಸಿತು ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು.

ಇಲ್ಲಿ ಕೂತಿರುವ ಹುಡುಗರಿಗೆ ಡ್ಯಾನಿಶ್ ಸಿದ್ದಿಕಿ ಹೆಸರು ಗೊತ್ತು. ಕೋವಿಡ್ ಸಮಯದಲ್ಲಿ ದೆಹಲಿಯ ಚಿತೆಗಳನ್ನು ತೆಗೆದವರು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ, ಅಫ್ಘನ್ ಪಡೆಯ ಜೊತೆ ಇದ್ದಾಗ ಸತ್ತರು. 38 ವರ್ಷ. ಮರುವರ್ಷ ಇನ್ನೊಂದು ಪುಲಿಟ್ಜರ್ ಬಂತು, ತೆಗೆದುಕೊಳ್ಳಲು ಅವರಿರಲಿಲ್ಲ.

ಸರಿ, ಮಾತು ಜಾಸ್ತಿ ಆಯ್ತು. ಪರದೆ ಮೇಲೆ ಮೊದಲು ಆ ಲುಂಗಿಯ ಚಿತ್ರವನ್ನೇ ಹಾಕುತ್ತೇನೆ. ಹಿಂದೆ ಕೂತವರು ಯಾರಾದರೂ ಲೈಟ್ ಆಫ್ ಮಾಡ್ತೀರಾ?