ಮೇ 12ಕ್ಕೆ ದೀಪ, ಉಳಿದ ದಿನವೆಲ್ಲಾ ಕಾಗದ | ನರ್ಸಿಂಗ್ ಸಂಘದ ಒಂದು ವರ್ಷ

ಹಾಂ, ರೆಕಾರ್ಡ್ ಆಗ್ತಿದೆ. ನಮ್ಮ ನರ್ಸಿಂಗ್ ಸಂಘದ ಒಂದು ವರ್ಷದ ವಿಡಿಯೋಗೆ ನನ್ನ ಮಾತು ಇದು. ಈಗ ಕಾಣ್ತಿರೋದು ಹಿತ್ತಾಳೆ ದೀಪಗಳು, ಪಕ್ಕದಲ್ಲಿ ಪೇಪರ್ ಲೋಟ. ಲೋಟ ಟೀಗಲ್ಲ. ತಳಕ್ಕೆ ತೂತು ಮಾಡಿ ಮೇಣದಬತ್ತಿಗೆ ತೊಡಿಸೋಕೆ. ಇಲ್ಲಾಂದ್ರೆ ನರ್ಸ್‌ಗಳ ಪ್ರತಿಜ್ಞೆ ಓದಿ ಮುಗಿಯೋಷ್ಟರಲ್ಲಿ ಬಿಸಿ ಮೇಣ ಮುಂಗೈ ಮೇಲೆ. ಫ್ಯಾನ್ ಹಾಕಿದ್ರೆ ದೀಪ ಆರತ್ತೆ, ಆರಿಸಿದ್ರೆ ಮೇ ತಿಂಗಳ ಸೆಖೆ. ಬ್ಯಾಟರಿ ದೀಪ ತಂದುಬಿಡಿ, ಗೋಳೇ ಇರಲ್ಲ ಅನ್ನೋದು ನನ್ನ ವಾದ.

ಮೇ 12 ‘ದೀಪ ಹಿಡಿದ ಮಹಿಳೆ’ ಅಂತ ಹೆಸರಾದ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, 1820. ಅವತ್ತು ಪೇಪರ್‌ನವರು ‘ದಾದಿಯರ ದಿನ’ ಅಂತ ಬರೀತಾರೆ. ದಯವಿಟ್ಟು ಬಿಡಿ ಆ ಪದ. ವಾರ್ಡಲ್ಲಿ ಸಿಸ್ಟರ್ ಇದ್ದಾರೆ, ಬ್ರದರ್ ಇದ್ದಾರೆ, ಕಾಗದದಲ್ಲಿ ಶುಶ್ರೂಷಾಧಿಕಾರಿ ಇದ್ದಾರೆ. ಅಂದಹಾಗೆ ಶುಶ್ರೂಷೆ ಅಂದ್ರೆ ಸಂಸ್ಕೃತದಲ್ಲಿ ಮೂಲಾರ್ಥ ‘ಕೇಳಬೇಕೆಂಬ ಆಸೆ’. ಸೇವೆ ಅನ್ನೋ ಅರ್ಥ ಆಮೇಲೆ ಬಂದಿದ್ದು. ಸರಿ, ಶಾಟ್ ಬದಲಾಯ್ತು.

ಇದು ಆಫೀಸು. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ, ಟಿಎನ್‌ಎಐ ಅಂತೀವಲ್ಲ, ಅದು ಶುರುವಾಗಿದ್ದು 1908ರಲ್ಲಿ. 1910ರಿಂದ ಅದರದ್ದೇ ಪತ್ರಿಕೆ ಇದೆ, ವಿದ್ಯಾರ್ಥಿಗಳ ಘಟಕ ಎಸ್‌ಎನ್‌ಎ 1929ರಿಂದ. ರಾಜ್ಯ ಶಾಖೆ, ಅದರ ಕೆಳಗೆ ಘಟಕಗಳು. ಬಾಗಿಲಿಗೆ ಬರೋ ಅರ್ಧ ಜನ ಕೇಳೋದು ‘ನನ್ನ ರಿಜಿಸ್ಟ್ರೇಷನ್ ಯಾವಾಗ ಆಗತ್ತೆ’ ಅಂತ. ಅದು ಇಲ್ಲಲ್ಲ ಸ್ವಾಮಿ! ನೋಂದಣಿ ಕೊಡೋದು ರಾಜ್ಯ ನರ್ಸಿಂಗ್ ಕೌನ್ಸಿಲ್. ಸಂಘಕ್ಕೆ ಸೇರೋದು ನಿಮ್ಮ ಇಷ್ಟ, ಕೌನ್ಸಿಲ್ ನೋಂದಣಿ ಇಲ್ದೆ ಕೆಲಸ ಮಾಡೋ ಹಾಗೇ ಇಲ್ಲ.

ಈಗ ಮಳೆಗಾಲದ ಶಾಟ್, ಸಿಎನ್‌ಇ. ಅಂದ್ರೆ ಕೆಲಸಕ್ಕೆ ಸೇರಿದ ಮೇಲೂ ಮುಂದುವರಿಯೋ ನರ್ಸಿಂಗ್ ಕಲಿಕೆ. ನೋಂದಣಿ ನವೀಕರಿಸೋಕೆ 5 ವರ್ಷಕ್ಕೆ 150 ಗಂಟೆ ಅನ್ನೋದು ಲೆಕ್ಕ. ವರ್ಷಕ್ಕೆ 30 ಬಂತು, ದಿನಕ್ಕೆ 6 ಗಂಟೆ ಹಿಡಿದ್ರೆ ಐದು ದಿನ. ಆ ಐದು ದಿನ ರಜೆ ಕೊಡೋರು ಯಾರು? ನೈಟ್ ಮುಗಿಸಿ ಬಂದೋರು ಹನ್ನೊಂದು ಗಂಟೆಗೇ ತೂಕಡಿಸ್ತಾರೆ, ಬೈಬೇಡಿ. ನೈಟ್ ಆಫ್ ದಿನ ನೋಡಿ ಎರಡು ಬ್ಯಾಚ್ ಮಾಡಿ. ಸಹಿ ಬೆಳಿಗ್ಗೆ ಒಂದು, ಊಟ ಆದ್ಮೇಲೆ ಒಂದು. ಒಂದೇ ಸಹಿ ಇದ್ರೆ ಪಾಯಸದ ಜೊತೆಗೇ ಅರ್ಧ ಹಾಲ್ ಖಾಲಿ.

ಸಿಪಿಆರ್, ಅಂದ್ರೆ ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡೋದು, ಅದನ್ನ ಕಲಿಸೋ ಗೊಂಬೆ ಇದು. 30 ಒತ್ತು, 2 ಉಸಿರು, ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್. ಒಬ್ಬರಿಗೆ ಎರಡು ನಿಮಿಷ. 60 ಜನಕ್ಕೆ ಒಂದೇ ಗೊಂಬೆ ಇಟ್ರೆ ಎರಡು ಗಂಟೆ ಕ್ಯೂ, ಮೂರಿದ್ರೆ 40 ನಿಮಿಷ. ಹಳೇ ಗೊಂಬೆ ಸ್ಪ್ರಿಂಗ್ ಸಡಿಲ ಆಗಿರತ್ತೆ, ಮೆತ್ತಗೆ ಒತ್ತಿದ್ರೂ ಆಳ ಸಿಕ್ತು ಅನ್ನಿಸತ್ತೆ. ಅಂಥದ್ದರಲ್ಲಿ ಕಲಿತ್ರೆ ರೋಗಿ ಎದೆ ಮೇಲೆ ಒತ್ತು ಸಾಲಲ್ಲ.

ಈಗ ನಿಜವಾದ ತಲೆನೋವು, ಈ ಕಲಿಕೆಗೆ ಕೊಡೋ ಸರ್ಟಿಫಿಕೇಟ್. ಮಾರ್ಕ್ಸ್ ಕಾರ್ಡಲ್ಲಿ ‘ಸವಿತಾ ಕೆ. ಆರ್.’, ಆಧಾರಲ್ಲಿ ‘ಕೆ. ಆರ್. ಸವಿತಾ’, ಮದುವೆ ಆದ್ಮೇಲೆ ಬ್ಯಾಂಕಲ್ಲಿ ಗಂಡನ ಹೆಸರು. ಉತ್ತರ ಕರ್ನಾಟಕದೋರಾದ್ರೆ ಅಪ್ಪನ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಕೇರಳದೋರಿಗೆ ಮನೆತನದ ಹೆಸರು ಎಲ್ಲಿ ಬೇಕಾದ್ರೂ ಬರಬಹುದು. ನೋಂದಣಿಗೆ ಈಗ ಆಧಾರ್ ಜೋಡಿಸಿರೋದ್ರಿಂದ ಒಂದು ಇನಿಷಿಯಲ್ ಆಚೀಚೆ ಆದ್ರೂ ‘ಇದು ನಿಮ್ಮದೇನಾ’ ಅನ್ನೋ ಪ್ರಶ್ನೆ. ಸಾಲದ್ದಕ್ಕೆ ಒಬ್ಬರಿಗೇ ನೋಂದಣಿ ನಂಬರ್ ಎರಡು: ನರ್ಸ್ ಅಂತ ಆರ್‌ಎನ್ ಒಂದು, ಸೂಲಗಿತ್ತಿ ಅಂತ ಆರ್‌ಎಂ ಒಂದು. ಕೇಳಿದ ಜಾಗದಲ್ಲಿ ಅದಲುಬದಲು ಬರೀತಾರೆ. ತಪ್ಪು ಗೊತ್ತಾಗೋದು ಅವತ್ತಲ್ಲ, ನವೀಕರಣದ ದಿನ. ಅಷ್ಟೊತ್ತಿಗೆ ಸಹಿ ಹಾಕಿದ ಕಾರ್ಯದರ್ಶಿ ಬದಲಾಗಿರ್ತಾರೆ, ಹಾಜರಿ ಪುಸ್ತಕ ಯಾವ ಬೀರುವಲ್ಲಿದೆಯೋ ದೇವರಿಗೇ ಗೊತ್ತು.

ಮಾಡಬೇಕಾಗಿದ್ದು ಇಷ್ಟೇ. ಫಾರಂನಲ್ಲಿ ಬರೀ ‘ಹೆಸರು’ ಅಂತ ಕೇಳ್ಬೇಡಿ, ‘ನೋಂದಣಿ ಪತ್ರದಲ್ಲಿ ಇರುವಂತೆ ಹೆಸರು’ ಅಂತ ಕೇಳಿ, ಆ ಪತ್ರದ ಫೋಟೋನೂ ತರಿಸ್ಕೊಳ್ಳಿ. ಟೀ ಹೊತ್ತಿಗೆ ಪಟ್ಟಿನ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲಿ ಪೆನ್ನು ಕಟ್ಟಿ. ಅವರವರೇ ತಿದ್ದಿದ ಮೇಲೆ ಮಧ್ಯಾಹ್ನ ಪ್ರಿಂಟ್. ಹಿಂದಿನ ದಿನವೇ ಅಂದವಾಗಿ ಪ್ರಿಂಟ್ ಮಾಡಿ ರಿಬ್ಬನ್ ಕಟ್ಟಿಡೋರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ.

ಈ ಫೈಲು ಸಂಬಳದ್ದು. 2016ರ ಜನವರಿಯಲ್ಲಿ ಟಿಎನ್‌ಎಐ ಅರ್ಜಿ ಮೇಲೆ ಸುಪ್ರೀಂ ಕೋರ್ಟ್, ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳ ನೋಡೋಕೆ ಸಮಿತಿ ಮಾಡಿ ಅಂತು. ಸಮಿತಿ ಶಿಫಾರಸು ಹೀಗೆ: 200ಕ್ಕಿಂತ ಜಾಸ್ತಿ ಹಾಸಿಗೆ ಇದ್ರೆ ಸರ್ಕಾರಿ ನರ್ಸ್‌ಗೆ ಸಮ, 100ಕ್ಕಿಂತ ಜಾಸ್ತಿ ಇದ್ರೆ ಅದಕ್ಕಿಂತ ಕಡಿಮೆ ಇರಬಹುದು, ಆದ್ರೆ ಕಡಿತ ಶೇಕಡಾ 10 ದಾಟಬಾರದು, 50ರಿಂದ 100ಕ್ಕೆ ಶೇಕಡಾ 25 ದಾಟಬಾರದು, ಅದಕ್ಕೂ ಚಿಕ್ಕ ಆಸ್ಪತ್ರೆಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಶಿಫಾರಸು ಅಷ್ಟೇ, ರಾಜ್ಯ ಸರ್ಕಾರ ಆದೇಶ ಮಾಡಿದ್ರೆ ಮಾತ್ರ ಜೀವ. ಇಲ್ಲಿ ಜಗಳ ಹಾಸಿಗೆ ಲೆಕ್ಕದ್ದು. ಬೋರ್ಡ್ ನೋಡಿ ನಂಬಬೇಡಿ, ಕೆಪಿಎಂಇ, ಅಂದ್ರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದರ ನೋಂದಣಿಯಲ್ಲಿ ಎಷ್ಟು ತೋರಿಸಿದ್ದಾರೆ ನೋಡಿ. ‘ಕಡಿಮೆ ಕೊಡ್ತಾರೆ’ ಅಂತ ಮನವಿ ಬರೆದ್ರೆ ಯಾರೂ ಓದಲ್ಲ. ಪೇ ಸ್ಲಿಪ್, ಇಲ್ಲದಿದ್ರೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಜೊತೆಗೆ ಡ್ಯೂಟಿ ರೋಸ್ಟರ್ ಲಗತ್ತಿಸಿ. ಕೊಟ್ಟೋರ ಹೆಸರು ಮುಚ್ಚಿ, ಇಲ್ಲಾಂದ್ರೆ ಮುಂದಿನ ರೋಸ್ಟರ್‌ನಲ್ಲಿ ಅವರಿಗೆ ಬರೀ ನೈಟು.

ಬೇಗ ಬೇಗ, ವಾರ್ಷಿಕ ಸಭೆ. ಕರ್ನಾಟಕದಲ್ಲಿ 1960ರ ಸಂಘಗಳ ಕಾಯ್ದೆಯಡಿ ನೋಂದಾಯಿಸಿದ ಸಂಘ ಆದ್ರೆ, ಸಭೆ ಆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್‌ಗೆ ಹೋಗಬೇಕು. ಬಿಟ್ರೆ ಬ್ಯಾಂಕಲ್ಲಿ ಸಹಿದಾರರನ್ನ ಬದಲಾಯಿಸೋಕೆ ಒದ್ದಾಟ, ಚೆಕ್ಕಿಗೆ ಹಳೇ ಖಜಾಂಚಿ ಮನೆಗೆ ಓಡಾಟ.

ಓಹ್, ಇದು ಬ್ಯಾಟರಿ ದೀಪದ ಶಾಟ್. ಛೇ, ಮೊಬೈಲ್ ಟಾರ್ಚ್ ಹಿಡ್ಕೊಂಡು ಕರೆಂಟ್ ಹೋದಾಗ ನಿಂತ ಹಾಗಿದೆ. ವಾಪಸ್ ತಗೊಂಡೆ ಮಾತು. ಪೇಪರ್ ಲೋಟನೇ ಇರಲಿ.

ಕೊನೇದು, ಮುಂದಿನ ಮೇ ತಿಂಗಳ ಬ್ಯಾನರ್ ಪ್ರೂಫ್. ನರ್ಸ್‌ಗಳ ಅಂತರರಾಷ್ಟ್ರೀಯ ಕೌನ್ಸಿಲ್ ಪ್ರತಿ ವರ್ಷ ಹೊಸ ಘೋಷವಾಕ್ಯ ಕೊಡತ್ತೆ, ಪ್ರೆಸ್‌ನೋರು ಹಳೇ ಫೈಲ್ ಮೇಲೇ ತಿದ್ತಾರೆ. ದಿನಾಂಕ ಸರಿ, ಲೋಗೋ ಸರಿ, ಘೋಷವಾಕ್ಯ... ಅಯ್ಯೋ, ಹೋದ ವರ್ಷದ್ದು. ತಡೀರಿ, ಮೊದಲು ಅವರಿಗೆ ಫೋನ್ ಮಾಡ್ತೀನಿ.