ಬೇಗವೋ, ತಡವೋ? ರಿದಮ್ ಗೇಮ್‌ನಲ್ಲಿ ಕೈ ಪಳಗುವ ಬಗೆ

[ಪರದೆ ಪೂರ್ತಿ ಕಪ್ಪು. ನಿಮಿಷಕ್ಕೆ 120ರ ವೇಗದಲ್ಲಿ ಡ್ರಮ್ ಸದ್ದು ಮಾತ್ರ.]

ಮೇಜಿನ ಮೇಲೋ ತೊಡೆಯ ಮೇಲೋ ಈ ಸದ್ದಿನ ಜೊತೆಗೆ ಬೆರಳಿನಿಂದ ತಟ್ಟಿ. ಒಂದು, ಎರಡು, ಮೂರು, ನಾಲ್ಕು. ಇನ್ನೊಂದು ಸುತ್ತು.

[ಸದ್ದು ನಿಲ್ಲುತ್ತದೆ. ಪರದೆ ಬೆಳಗುತ್ತದೆ.]

ನೋಡಲು ಏನೂ ಇರಲಿಲ್ಲ. ಆದರೂ ಮೂರನೆಯ ಬೀಟ್ ಹೊತ್ತಿಗೆ ನಿಮ್ಮ ಬೆರಳು ಸದ್ದಿನೊಂದಿಗೆ ಕೂಡಿಕೊಂಡಿತ್ತು. ಸದ್ದು ಕಿವಿಗೆ ಬಿದ್ದ ಮೇಲೆ ನೀವು ತಟ್ಟಲಿಲ್ಲ. ಮುಂದಿನ ಬೀಟ್ ಯಾವ ಗಳಿಗೆಯಲ್ಲಿ ಬೀಳುತ್ತದೆ ಎಂಬುದು ಮೊದಲೇ ಗೊತ್ತಿದ್ದು ತಟ್ಟಿದಿರಿ. ಹಾಡಿನ ಬೀಟ್‌ಗೆ ಸರಿಯಾಗಿ ಒತ್ತುವ, ತಟ್ಟುವ ಆಟಗಳೇ ರಿದಮ್ ಗೇಮ್‌ಗಳು. ಅವುಗಳ ಬೇರು ಇಲ್ಲಿದೆ.

ಆಡುವವರಲ್ಲಿ ಹೆಚ್ಚಿನವರು ಇದನ್ನು ಕಣ್ಣಿನ ಆಟ ಎಂದುಕೊಂಡಿರುತ್ತಾರೆ. ನೋಟ್, ಅಂದರೆ ಒತ್ತಬೇಕಾದ ಗುರುತು, ಪರದೆಗೆ ಬಂತು, ಕಂಡಿತು, ಒತ್ತಿದೆ. ಲೆಕ್ಕ ಹಾಕಿ ನೋಡಿ. ಕಣ್ಣಿಗೆ ಏನಾದರೂ ಕಂಡು ಬೆರಳು ಅಲುಗಲು ನಮಗೆಲ್ಲ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ‘ಓಸು’ ಆಟದಲ್ಲಿ ಕಠಿಣತೆಯ ಮಟ್ಟ 8 ಇದ್ದರೆ, ಪೂರ್ಣ ಅಂಕ ಸಿಗಲು ನೋಟ್‌ನ ಆಚೆಗೆ ಈಚೆಗೆ ಇರುವ ಅವಕಾಶ ಸುಮಾರು 32 ಮಿಲಿಸೆಕೆಂಡ್. ಮಟ್ಟ 10ಕ್ಕೆ ಏರಿದರೆ ಅದು 20ಕ್ಕೆ ಇಳಿಯುತ್ತದೆ. ಕಂಡ ಮೇಲೆ ಒತ್ತುವವರಿಗೆ ಆ ಕಿಂಡಿಯಲ್ಲಿ ನುಸುಳಲು ಸಾಧ್ಯವೇ ಇಲ್ಲ. ಯಾವ ಕೀಲಿ ಒತ್ತಬೇಕು ಎಂಬುದನ್ನು ಕಣ್ಣು ಮುಂಚಿತವಾಗಿ ಓದಿ ಇಡಬೇಕು. ಯಾವಾಗ ಎಂಬುದನ್ನು ಕಿವಿಗೆ ಬಿಡಬೇಕು.

ಆದ್ದರಿಂದ ನಾನು ಆಡುವಾಗ ಅಂಕಗಳಿಗಿಂತ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ತಪ್ಪಿದ್ದು ಬೇಗವೋ, ತಡವೋ?

[ಆಟದ ತುಣುಕು. ಕೆಳಗೆ ಟೈಮಿಂಗ್ ಪಟ್ಟಿ, ಪ್ರತಿ ಒತ್ತಿಗೂ ಒಂದು ಗೆರೆ. ನಡುಗೆರೆಯ ಎಡಕ್ಕೆ ‘ಬೇಗ’, ಬಲಕ್ಕೆ ‘ತಡ’.]

ಮೂರು ತಿಂಗಳು ನಾನು ಒಂದೇ ಹಾಡಿನಲ್ಲಿ ಸಿಕ್ಕಿಕೊಂಡಿದ್ದೆ. ಪ್ರತಿ ಸಾಲಿನಲ್ಲೂ ‘ತಡ’, ‘ತಡ’. ಬೆರಳು ನಿಧಾನ ಎಂದು ತೀರ್ಮಾನಿಸಿ ದಿನಾ ಅರ್ಧ ಗಂಟೆ ಬೆರಳಿನ ವ್ಯಾಯಾಮ ಮಾಡಿದೆ. ಪ್ರಯೋಜನವಾಗಲಿಲ್ಲ. ಒಂದು ಸಂಜೆ ವೈರ್‌ಲೆಸ್ ಇಯರ್‌ಫೋನ್‌ನ ಚಾರ್ಜ್ ಮುಗಿಯಿತು. ಡ್ರಾಯರ್‌ನಲ್ಲಿದ್ದ ತಂತಿಯ ಇಯರ್‌ಫೋನ್ ಸಿಕ್ಕಿಸಿ ಅದೇ ಹಾಡು ಹಾಕಿದೆ. ಅದೇ ಕೈ, ಅದೇ ಕೀಬೋರ್ಡ್. ಬಲಕ್ಕೆ ವಾಲಿದ್ದ ಗೆರೆಗಳೆಲ್ಲ ನಡುವಿಗೆ ಬಂದು ಕೂತವು. ಆ ದಿನ ನನಗಾದ ಸಂತೋಷದಲ್ಲಿ ಅರ್ಧ ನೋವೂ ಇತ್ತು, ಮೂರು ತಿಂಗಳು ನನ್ನ ಬೆರಳುಗಳನ್ನು ಸುಮ್ಮನೆ ದೂರಿದ್ದೆನಲ್ಲ ಎಂದು.

ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ತಲುಪಲು 100ರಿಂದ 200 ಮಿಲಿಸೆಕೆಂಡ್ ತಡವಾಗುವುದು ಸಾಮಾನ್ಯ. ಹಾಡು ಕೇಳುವಾಗ ಅದು ತಿಳಿಯುವುದೇ ಇಲ್ಲ. 32 ಮಿಲಿಸೆಕೆಂಡ್‌ನ ಕಿಂಡಿಯಿರುವ ಆಟದಲ್ಲಿ ಮಾತ್ರ ಅದು ದೊಡ್ಡ ಕಂದಕ. ಬೇರೆ ಯಾವ ಸಲಹೆಗೂ ಮೊದಲು ಇದನ್ನು ಮಾಡಿ: ತಂತಿಯ ಇಯರ್‌ಫೋನ್ ಹಾಕಿಕೊಳ್ಳಿ. ಟಿವಿಯ ಮೇಲೆ ಆಡುವವರಾದರೆ ಅದರ ‘ಗೇಮ್ ಮೋಡ್’ ಚಾಲೂ ಮಾಡಿ, ಏಕೆಂದರೆ ಚಿತ್ರವೂ ತಡವಾಗಿ ಬರುತ್ತದೆ.

ಅದಾದ ಮೇಲೆ ಆಫ್‌ಸೆಟ್, ಅಂದರೆ ಸದ್ದಿಗೂ ನೋಟ್‌ಗೂ ನಡುವಿನ ಅಂತರವನ್ನು ಸರಿದೂಗಿಸುವ ಅಂಕಿ. ಬಹುತೇಕ ಎಲ್ಲ ಆಟಗಳ ಸೆಟ್ಟಿಂಗ್‌ನಲ್ಲೂ ಇರುತ್ತದೆ. ನಿಮಗೆ ತೀರಾ ಸುಲಭವಾದ ಒಂದು ಹಾಡು ಆಡಿ, ಸರಾಸರಿ ಎಷ್ಟು ಬೇಗ ಅಥವಾ ತಡ ಒತ್ತಿದ್ದೀರಿ ಎಂದು ಫಲಿತಾಂಶದ ಪುಟದಲ್ಲಿ ನೋಡಿ. ಹೀಗೆ ಮೂರು ಹಾಡು. ಮೂರರಲ್ಲೂ ವಾಲಿಕೆ ಒಂದೇ ಕಡೆಗಿದ್ದರೆ ಆಫ್‌ಸೆಟ್ ಬದಲಿಸಬೇಕು. ಅಂಕಿಯನ್ನು ಕೂಡಿಸಬೇಕೋ ಕಳೆಯಬೇಕೋ ಎಂಬುದು ಆಟದಿಂದ ಆಟಕ್ಕೆ ಬೇರೆ. 10 ಮಿಲಿಸೆಕೆಂಡ್ ಬದಲಿಸಿ ಮತ್ತೊಮ್ಮೆ ಆಡಿದರೆ ಸರಾಸರಿ ಯಾವ ಕಡೆ ಸರಿಯಿತು ಎಂದು ಕಣ್ಣಿಗೇ ಕಾಣುತ್ತದೆ. ಹಾಡಿಲ್ಲದೆ ಬರೀ ಟಿಕ್ ಟಿಕ್ ಸದ್ದಿಗೆ ತಟ್ಟಿಸಿ ಆಫ್‌ಸೆಟ್ ಅಳೆಯುವ ಆಟಗಳೂ ಇವೆ. ಆ ಅಳತೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಮೆಟ್ರೊನೋಮ್‌ನ ಟಿಕ್ ಟಿಕ್‌ಗೆ ತಟ್ಟುವಾಗ ಮನುಷ್ಯರು ಸಹಜವಾಗಿಯೇ ಸದ್ದಿಗಿಂತ ಕೊಂಚ ಮುಂಚೆ ತಟ್ಟುತ್ತಾರೆ. ಹಾಡಿನೊಳಗೆ ಕೈ ಬೇರೆ ರೀತಿ ನಡೆಯುತ್ತದೆ.

[ಎರಡು ಚಿತ್ರಗಳು ಅಕ್ಕಪಕ್ಕ. ಎಡದ್ದರಲ್ಲಿ ಗೆರೆಗಳು ಒತ್ತಾಗಿವೆ, ಆದರೆ ನಡುಗೆರೆಯ ಬಲಕ್ಕಿವೆ. ಬಲದ್ದರಲ್ಲಿ ಎರಡೂ ಕಡೆ ಚೆಲ್ಲಿವೆ.]

ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿಯಿರಿ. ಎಡಗಡೆಯ ಚಿತ್ರದವರ ಲಯ ಗಟ್ಟಿಯಿದೆ, ಜಾಗ ಮಾತ್ರ ಸರಿದಿದೆ. ಆಫ್‌ಸೆಟ್ ಸರಿಪಡಿಸಿದರೆ ಅವರ ಕೆಲಸ ಮುಗಿಯಿತು. ಬಲಗಡೆಯವರ ಸರಾಸರಿ ಸೊನ್ನೆಯೇ ಇರಬಹುದು, ಆದರೆ ಒಂದು ಬೇಗ, ಮತ್ತೊಂದು ತಡ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಓಸುವಿನಲ್ಲಿ ಈ ಚದುರುವಿಕೆಗೆ ‘ಅನ್‌ಸ್ಟೇಬಲ್ ರೇಟ್’ ಎಂಬ ಅಂಕಿಯಿದೆ. ಅದನ್ನು ಹತ್ತರಿಂದ ಭಾಗಿಸಿದರೆ ಚದುರುವಿಕೆ ಎಷ್ಟು ಮಿಲಿಸೆಕೆಂಡ್ ಎಂದು ಸಿಗುತ್ತದೆ. 120 ಎಂದರೆ 12. ನನ್ನ ಪ್ರಗತಿಯನ್ನು ನಾನು ಅಳೆಯುವುದು ಈ ಅಂಕಿಯಿಂದ. ಕಾಂಬೊ, ಅಂದರೆ ತಪ್ಪದೆ ಒತ್ತಿದ ನೋಟ್‌ಗಳ ಸರಣಿ, ಒಂದೇ ಒಂದು ಎಡವಟ್ಟಿಗೆ ಮುರಿಯುತ್ತದೆ, ಅದನ್ನು ನೋಡಿ ಎದೆಗುಂದಬೇಡಿ.

ಇನ್ನು ಕಣ್ಣಿನ ವಿಷಯ. ಇಲ್ಲಿ ಹೊಸಬರು ಮಾಡುವ ತಪ್ಪು ತೀರಾ ಸಹಜವಾದದ್ದು. ಕಷ್ಟವಾಯಿತೆಂದು ಸ್ಕ್ರೋಲ್ ವೇಗವನ್ನು ಇಳಿಸುತ್ತಾರೆ. ನೋಟ್‌ಗಳು ನಿಧಾನವಾಗಿ ಇಳಿದರೆ ಸುಲಭ ಎಂಬ ಲೆಕ್ಕ. ಆಗುವುದು ಅದರ ತಿರುವುಮುರುವು.

[ಪರದೆಯಲ್ಲಿ ಒಂದೇ ಸಾಲು, ಎರಡು ವೇಗಗಳಲ್ಲಿ.]

ನಿಮಿಷಕ್ಕೆ 150 ಬೀಟ್‌ನ ಹಾಡು, ಪ್ರತಿ ಬೀಟ್‌ಗೆ ನಾಲ್ಕು ನೋಟ್. ಅಂದರೆ ಸೆಕೆಂಡಿಗೆ 10. ಪ್ರತಿ ನೋಟ್ ಪರದೆಯ ಮೇಲೆ 1.2 ಸೆಕೆಂಡ್ ಉಳಿದರೆ ಒಂದೇ ಹೊತ್ತಿಗೆ 12 ನೋಟ್‌ಗಳು ಕಣ್ಣ ಮುಂದೆ ಒತ್ತೊತ್ತಾಗಿ ನಿಂತಿರುತ್ತವೆ. ಸ್ಕ್ರೋಲ್ ವೇಗ ಏರಿಸಿ ಅದನ್ನು 0.6 ಸೆಕೆಂಡ್‌ಗೆ ಇಳಿಸಿದರೆ ಆರು. ಹಾಡಿನ ವೇಗ ಬದಲಾಗಿಲ್ಲ, ಬೆರಳಿನ ಕೆಲಸ ಹೆಚ್ಚಾಗಿಲ್ಲ. ಆದರೆ ನೋಟ್‌ಗಳ ನಡುವೆ ಬಿಡುವು ತೆರೆದುಕೊಂಡಿತು, ಸಾಲಿನ ಆಕಾರ ಕಾಣತೊಡಗಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದ ಪುಟವನ್ನು ಓದುವುದಕ್ಕೂ ಬಿಡಿಬಿಡಿಯಾಗಿ ಅಚ್ಚಾದ ಪುಟವನ್ನು ಓದುವುದಕ್ಕೂ ಇರುವ ವ್ಯತ್ಯಾಸ ಇದು.

ಮೊದಲ ಎರಡು ದಿನ ತಲೆ ಗಿರ್ರೆನ್ನುತ್ತದೆ, ಹೆದರಬೇಡಿ. ಒಮ್ಮೆಗೇ ಏರಿಸದೆ, ಸುಲಭದ ಹಾಡುಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ. ನೋಟ್ ಮೇಲಿನಿಂದ ಇಳಿಯುವ ಆಟಗಳಲ್ಲಿ ದೃಷ್ಟಿಯನ್ನು ಕೆಳಗಿನ ಗೆರೆಯ ಮೇಲೆ ನೆಡಬೇಡಿ. ಅದಕ್ಕಿಂತ ತುಸು ಮೇಲೆ ನಿಲ್ಲಿಸಿ. ಗೆರೆ ಮುಟ್ಟುವ ಗಳಿಗೆ ಕಿವಿಯ ಪಾಲು ಎಂದೆನಲ್ಲ. ಓಸುವಿನಂತಹ ಆಟಗಳಲ್ಲಿ ಈ ವೇಗವನ್ನು ಮ್ಯಾಪ್ (ಹಾಡಿನ ನೋಟ್‌ಗಳ ವಿನ್ಯಾಸ) ತಯಾರಿಸಿದವರು ನಿಗದಿ ಮಾಡಿರುತ್ತಾರೆ, ಅಲ್ಲಿ ಹಾಡನ್ನು ಆರಿಸುವಾಗಲೇ ನೋಡಿಕೊಳ್ಳಬೇಕು.

[ಕ್ಯಾಮೆರಾ ಕೈಗಳ ಮೇಲೆ. ಮಣಿಕಟ್ಟಿನ ಹತ್ತಿರದ ದೃಶ್ಯ.]

ಈಗ ನನ್ನ ಕೈ ನೋಡಿ. 180 ಬಿಪಿಎಂನ, ಅಂದರೆ ನಿಮಿಷಕ್ಕೆ 180 ಬೀಟ್‌ನ ಸ್ಟ್ರೀಮ್ ಇದು, ಬೀಟ್‌ಗೆ ನಾಲ್ಕರಂತೆ ಬಿಡುವಿಲ್ಲದ ನೋಟ್‌ಗಳ ಸಾಲು. ಎರಡು ನೋಟ್‌ಗಳ ನಡುವೆ 83 ಮಿಲಿಸೆಕೆಂಡ್. ಆರಂಭದಲ್ಲಿ ಮುಂಗೈ ಸಡಿಲವಾಗಿದೆ. ಎಂಟನೆಯ ನೋಟ್ ಆಗುತ್ತಿದ್ದಂತೆ ಇಲ್ಲಿ, ಮೊಣಕೈ ಕೆಳಗೆ, ಸ್ನಾಯು ಬಿಗಿಯುವುದು ಕಾಣುತ್ತಿದೆಯೇ? ಕಿರುಬೆರಳು ಗಾಳಿಯಲ್ಲಿ ಸೆಟೆದು ನಿಂತಿದೆ, ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ಅದೇ ಗಳಿಗೆಯಿಂದ ಟೈಮಿಂಗ್ ಪಟ್ಟಿಯಲ್ಲಿ ಗೆರೆಗಳು ಎಡಕ್ಕೆ ಓಡುತ್ತವೆ. ಬಿಗಿದ ಕೈ ನಿಧಾನವಾಗುವುದಿಲ್ಲ, ಅವಸರಪಡುತ್ತದೆ. ಸ್ಟ್ರೀಮ್‌ನಲ್ಲಿ ‘ಬೇಗ’ ಎಂದು ಬಂದರೆ ನಾನು ಮೊದಲು ಅನುಮಾನಿಸುವುದು ಈ ಬಿಗಿತವನ್ನು.

ಇದಕ್ಕೆ ನನಗೆ ಒಗ್ಗಿದ ಉಪಾಯ ಬಾಯಿ. ನಾಲ್ಕರ ಗುಂಪಿಗೆ ತ-ಕ-ಧಿ-ಮಿ, ಮೂರರ ಗುಂಪಿಗೆ ತ-ಕಿ-ಟ. ಮೊದಲು ಕೀಬೋರ್ಡ್ ಮುಟ್ಟದೆ ಹಾಡಿನ ಜೊತೆ ಹೇಳುತ್ತೇನೆ, ಪ್ರತಿ ‘ತ’ ಬೀಟ್‌ನ ಮೇಲೆ ಬೀಳಬೇಕು. ನಾಲಿಗೆ ತಡವರಿಸುವ ಜಾಗದಲ್ಲೇ ಬೆರಳೂ ತಡವರಿಸುತ್ತದೆ. ನಾಲಿಗೆಗೆ ಬಂದರೆ ಬೆರಳಿಗೆ ಅರ್ಧ ಬಂದಂತೆ. ಆಮೇಲೆ ವೇಗ ತಗ್ಗಿಸಿ ಆಡುತ್ತೇನೆ. ಓಸುವಿನ ‘ಹಾಫ್ ಟೈಮ್’ ಆಯ್ಕೆ ಹಾಡನ್ನು 0.75 ಪಟ್ಟು ವೇಗಕ್ಕೆ ಇಳಿಸುತ್ತದೆ, 180 ಇದ್ದದ್ದು 135 ಆಗುತ್ತದೆ. ಅಲ್ಲಿ ಕಿರುಬೆರಳು ಮಲಗಿರುವಷ್ಟು ಹಗುರವಾಗಿ ಆಡಲು ಬಂದರೆ ಮಾತ್ರ ಮೇಲೇರುವುದು. ನೋವು ಬಂದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು, ಇದರಲ್ಲಿ ರಾಜಿ ಬೇಡ.

ಒಂದು ಹಾಡನ್ನು ಹಟ ಹಿಡಿದು ನಲವತ್ತು ಸಲ ಆಡುವವರಿಗೆ ನನ್ನದೊಂದು ಕಳಕಳಿಯ ಮಾತು. ಬೆರಳಿಗೆ ಸರಿ ತಪ್ಪು ಗೊತ್ತಿಲ್ಲ, ಮತ್ತೆ ಮತ್ತೆ ಮಾಡಿಸಿದ್ದನ್ನು ಅದು ಕಲಿಯುತ್ತದೆ. ಒಂದೇ ಜಾಗದಲ್ಲಿ ಒಂದೇ ತಪ್ಪು ಹತ್ತು ಸಲ ಆಯಿತೆಂದರೆ ಆ ತಪ್ಪನ್ನೇ ನೀವು ಅಭ್ಯಾಸ ಮಾಡುತ್ತಿದ್ದೀರಿ. ಹಾಡನ್ನು ಒಂದು ವಾರ ಕೈಬಿಡಿ. ಅದೇ ಬಗೆಯ ಸಾಲುಗಳಿರುವ ಬೇರೆ ಹಾಡು ಹುಡುಕಿ, ಅಥವಾ ‘ಮಿರರ್’ ಆಯ್ಕೆಯಿದ್ದರೆ ಎಡಬಲ ಅದಲುಬದಲು ಮಾಡಿ ಆಡಿ. ಎಡಗೈ ಎಷ್ಟು ಹಿಂದಿದೆ ಎಂಬುದು ಮಿರರ್ ಹಾಕಿದ ಮೊದಲ ನಿಮಿಷದಲ್ಲೇ ಬಯಲಾಗುತ್ತದೆ. ನಡುವೆ ನಿದ್ದೆಗೂ ಪಾಲಿದೆ, ಕೈ ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ.

1997ರ ಬೀಟ್‌ಮೇನಿಯಾದಲ್ಲಿ ಕೀಲಿಗಳ ಪಕ್ಕದಲ್ಲಿ ತಿರುಗುವ ತಟ್ಟೆ ಇತ್ತು. 1998ರ ಡಾನ್ಸ್ ಡಾನ್ಸ್ ರೆವಲ್ಯೂಷನ್‌ನಲ್ಲಿ ಕಾಲಿನಿಂದ ತುಳಿಯಬೇಕು. ಬೀಟ್ ಸೇಬರ್‌ನಲ್ಲಿ ಎರಡೂ ಕೈಗಳಿಂದ ಬೀಸಬೇಕು. ನೀವು ಆಡುವುದು ಯಾವುದೇ ಆಗಲಿ, ಆಡುವ ಮೊದಲು ಐದು ನಿಮಿಷ ಮುಂದಿನ ಅಭ್ಯಾಸ ಮಾಡಿ. ಈಗಲೇ ಒಮ್ಮೆ ಮಾಡೋಣ. ಬೆರಳು ಮೇಜಿನ ಮೇಲೆ ಇರಲಿ.

ಹದಿನಾರು ಬೀಟ್. ಮೊದಲ ಎಂಟು ಕೇಳಿಸುತ್ತವೆ. ಆಮೇಲಿನ ನಾಲ್ಕರಲ್ಲಿ ಸದ್ದು ಇರುವುದಿಲ್ಲ, ಕೈ ನಿಲ್ಲಿಸಬೇಡಿ. ಹದಿಮೂರನೆಯ ಬೀಟ್‌ಗೆ ಸದ್ದು ಮರಳಿದಾಗ ನಿಮ್ಮ ಬೆರಳು ಅದಕ್ಕಿಂತ ಮುಂದಿತ್ತೋ, ಹಿಂದಿತ್ತೋ, ಅದೊಂದನ್ನೇ ಗಮನಿಸಿ.

[ಪರದೆ ಕಪ್ಪಾಗುತ್ತದೆ. ಬೀಟ್ ಶುರು.]