ಖರ್ಜೂರದ ಪಾಕ: ಪೆಸಾಹ್ ಹಬ್ಬಕ್ಕೆ ಹಲೇಕ್ ಮಾಡುವ ದಿನ

ನಮಸ್ಕಾರ. ಈಗ ನೀವು ನೋಡುತ್ತಿರುವ ಈ ದೊಡ್ಡ ಪಾತ್ರೆ ಮೇಲಿನ ಕಪಾಟಿನಿಂದ ಕೆಳಗಿಳಿಯುವುದು ವರ್ಷಕ್ಕೊಮ್ಮೆ, ಈಜಿಪ್ಟಿನ ಗುಲಾಮಗಿರಿಯಿಂದ ಪೂರ್ವಜರಿಗೆ ಸಿಕ್ಕ ಬಿಡುಗಡೆಯನ್ನು ನೆನೆಯುವ ಯೆಹೂದಿಗಳ ಪೆಸಾಹ್ ಹಬ್ಬಕ್ಕೆ ಮಾತ್ರ. ಗೋಧಿ, ಬಾರ್ಲಿಯಂಥ ಧಾನ್ಯಗಳ ಹುದುಗಿದ ಹಿಟ್ಟು ಈ ಹಬ್ಬದಲ್ಲಿ ಸಂಪೂರ್ಣ ನಿಷಿದ್ಧವಾದ್ದರಿಂದ, ಅದರ ಸೋಂಕಿಲ್ಲದ ಪಾತ್ರೆಗಳನ್ನೇ ಬೇರೆಯಾಗಿ ಎತ್ತಿಟ್ಟಿರುತ್ತಾರೆ. ಮಡಿಯ ಅಡುಗೆಯನ್ನು ಕಂಡು ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾನಿರುವುದು ಟೆಲ್ ಅವೀವ್ ಪಕ್ಕದ ರಮತ್ ಗಾನ್‌ನಲ್ಲಿ. ನನ್ನ ಊರು ಹೊನ್ನಾವರದ ಕಡೆ. ವೃದ್ಧರ ಆರೈಕೆಯ ಕೆಲಸಕ್ಕೆಂದು ನಮ್ಮ ಕರಾವಳಿಯಿಂದ ಇಸ್ರೇಲಿಗೆ ಬಂದಿರುವ ಅನೇಕರಲ್ಲಿ ನಾನೂ ಒಬ್ಬಳು. ನಾನು ನೋಡಿಕೊಳ್ಳುವ ಹಿರಿಯರನ್ನು ಮನೆಯವರೆಲ್ಲ ಕರೆಯುವಂತೆ ನಾನೂ ‘ಸವ್ತಾ’ ಎಂದೇ ಕರೆಯುತ್ತೇನೆ. ಹೀಬ್ರೂವಿನಲ್ಲಿ ಅದಕ್ಕೆ ಅಜ್ಜಿ ಎಂದರ್ಥ. ಮುಖ ತೋರಿಸುವುದು ಬೇಡವೆಂದು ಅವರು ಹೇಳಿರುವುದರಿಂದ ಈ ವಿಡಿಯೊದಲ್ಲಿ ನಿಮಗೆ ಕಾಣುವುದು ಅವರ ಕೈಗಳು ಮಾತ್ರ.

ಇಂದು ಮಾಡುತ್ತಿರುವುದು ಹರೋಸೆತ್ ಎಂಬ ಹಣ್ಣು ಮತ್ತು ಬೀಜದ ಸಿಹಿ. ಪೆಸಾಹ್ ಹಬ್ಬದ ಮೊದಲ ರಾತ್ರಿಯ ವಿಧಿಪೂರ್ವಕ ಊಟವಾದ ಸೇದರ್‌ಗೆ ಇದು ಬೇಕೇ ಬೇಕು. ಯುರೋಪಿನಿಂದ ಬಂದ ಕುಟುಂಬಗಳಲ್ಲಿ ಸೇಬನ್ನು ಸಣ್ಣಗೆ ಹೆಚ್ಚಿ ಆಕ್ರೋಟು, ದಾಲ್ಚಿನ್ನಿ ಮತ್ತು ಸಿಹಿ ದ್ರಾಕ್ಷಾರಸ ಬೆರೆಸುತ್ತಾರೆ. ಅದು ಹತ್ತೇ ನಿಮಿಷದ ಕೆಲಸ. ಆದರೆ ಸವ್ತಾ ಹುಟ್ಟಿದ್ದು ಬಾಗ್ದಾದಿನಲ್ಲಿ. ಇರಾಕಿನ ಯೆಹೂದಿಗಳ ಹರೋಸೆತ್‌ಗೆ ಹಲೇಕ್ ಎಂದು ಹೆಸರು, ಮತ್ತು ಅದಕ್ಕೆ ಬೇಕಾದದ್ದು ಎರಡೇ ಪದಾರ್ಥ: ಖರ್ಜೂರದಿಂದ ಇಳಿಸಿದ ಪಾಕ ಮತ್ತು ಆಕ್ರೋಟು. ಬಾಗ್ದಾದಿನಿಂದ ಮುಂಬಯಿ, ಕೋಲ್ಕತ್ತಗಳಿಗೆ ಹೋಗಿ ನೆಲೆಸಿದ ಯೆಹೂದಿಗಳೂ ಇದೇ ಹಲೇಕನ್ನು ತಮ್ಮೊಂದಿಗೆ ಒಯ್ದರು.

ಒಂದು ಕಿಲೋ ಮೃದುವಾದ ಖರ್ಜೂರವನ್ನು ಒಂದೊಂದಾಗಿ ಬಿಡಿಸಿ, ಒಳಗೆ ಹುಳುವಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಬೀಜ ತೆಗೆದು, ಎರಡೂವರೆ ಲೀಟರ್ ನೀರಿನಲ್ಲಿ ನಿನ್ನೆ ರಾತ್ರಿಯೇ ನೆನೆಹಾಕಿದ್ದೇನೆ. ದೊಡ್ಡ ಗಾತ್ರದ ದುಬಾರಿ ಖರ್ಜೂರ ಇದಕ್ಕೆ ಬೇಡ. ಹಣ್ಣು ಮೆತ್ತಗಿದ್ದರೆ ಸಾಕು. ಉರಿ ಹಚ್ಚಿ ಪಾತ್ರೆಯನ್ನು ಒಲೆಯ ಮೇಲೇರಿಸುವುದು ಮಾತ್ರ ಸವ್ತಾ ಅವರೇ. ಹಬ್ಬದ ಅಡುಗೆಯ ಆರಂಭ ಯೆಹೂದಿಯ ಕೈಯಿಂದಲೇ ಆಗಬೇಕೆಂಬುದು ಈ ಮನೆಯ ರೂಢಿ. ಕೈ ನಡುಗುತ್ತಿದ್ದರೂ ಅವರು ಅದನ್ನು ನನಗೆ ಬಿಟ್ಟುಕೊಡುವುದಿಲ್ಲ. ನಾನು ಪಾತ್ರೆಯ ಇನ್ನೊಂದು ಹಿಡಿಯನ್ನು ಆಧರಿಸಿಕೊಂಡು ನಿಲ್ಲುತ್ತೇನೆ.

ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯುವ ಈ ಅವಧಿಯಲ್ಲಿ ಹರೋಸೆತ್‌ನ ಅರ್ಥವನ್ನು ಹೇಳುತ್ತೇನೆ. ಹೀಬ್ರೂವಿನ ‘ಹೆರೆಸ್’ ಎಂದರೆ ಮಡಕೆಯ ಮಣ್ಣು. ಆ ಮಾತಿನಿಂದಲೇ ಈ ಹೆಸರು ಬಂದಿದೆ ಎನ್ನುತ್ತಾರೆ. ಈಜಿಪ್ಟಿನಲ್ಲಿ ಗುಲಾಮರಾಗಿದ್ದಾಗ ಪೂರ್ವಜರು ತುಳಿದು ಕಲಸಿದ, ಇಟ್ಟಿಗೆಗಳ ನಡುವೆ ಮೆತ್ತಿದ ಕೆಸರಿನ ನೆನಪು ಇದು. ಇದರಲ್ಲಿ ನನ್ನನ್ನು ಬಹಳವಾಗಿ ತಟ್ಟಿದ ಸಂಗತಿಯೆಂದರೆ, ಹುದುಗದ ರೊಟ್ಟಿಯಾದ ಮತ್ಸಾ ಮತ್ತು ಕಹಿ ಸೊಪ್ಪಾದ ಮಾರೋರ್ ಎರಡನ್ನೂ ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾವೇ ವಿಧಿಸಿದ್ದರೂ ಹರೋಸೆತ್‌ನ ಮಾತು ಅಲ್ಲಿಲ್ಲ. ಸುಮಾರು 1800 ವರ್ಷಗಳ ಹಿಂದೆ ಸಂಕಲನಗೊಂಡ, ಯೆಹೂದಿ ವಿಧಿನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಇದು ಕಡ್ಡಾಯವೋ ಅಲ್ಲವೋ ಎಂಬ ಭಿನ್ನಾಭಿಪ್ರಾಯವೇ ದಾಖಲಾಗಿದೆ. ಇದನ್ನು ತಿನ್ನುವ ಮುನ್ನ ಹೇಳಬೇಕಾದ ಪ್ರತ್ಯೇಕ ಮಂತ್ರವೂ ಇಲ್ಲ. ಮಿಶ್ನಾದ ಮೇಲಿನ ಚರ್ಚೆಗಳನ್ನು ಒಳಗೊಂಡ ತಾಲ್ಮೂದ್ ಗ್ರಂಥದಲ್ಲಿ ಒಬ್ಬ ಪಂಡಿತರು ಇದನ್ನು ಕೆಸರಿನ ನೆನಪು ಎಂದರೆ, ಮತ್ತೊಬ್ಬರು ಸೇಬಿನ ಮರದ ನೆನಪು ಎನ್ನುತ್ತಾರೆ; ಇಬ್ಬರ ಮಾತೂ ಸಲ್ಲಬೇಕಾದರೆ ಇದು ಹುಳಿಯಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು ಎಂದು ಮೂರನೆಯವರು ತೀರ್ಪು ಕೊಡುತ್ತಾರೆ. ತೋರಾ ವಿಧಿಸದಿದ್ದ ಒಂದು ಬಟ್ಟಲು ಸಿಹಿಗಾಗಿ ಇಷ್ಟೆಲ್ಲ ಚರ್ಚೆ ನಡೆದಿದೆ, ಮತ್ತು ಎಲ್ಲ ದೇಶಗಳ ಯೆಹೂದಿ ಮನೆಗಳಲ್ಲೂ ಅದು ಉಳಿದುಬಂದಿದೆ.

ಈಗ ಹಣ್ಣು ಕರಗಿ ಮುದ್ದೆಯಾಗಿದೆ. ಬಿಸಿ ಆರಿದ ಮೇಲೆ ತೆಳುವಾದ ಬಿಳಿ ಬಟ್ಟೆಯಲ್ಲಿ ಸುರಿದು, ಗಂಟು ಕಟ್ಟಿ, ಹಿಂಡಬೇಕು. ಇಲ್ಲಿ ಕ್ಯಾಮೆರಾವನ್ನು ಹತ್ತಿರ ತಂದಿದ್ದೇನೆ, ನೋಡಿ: ಮೊದಲು ಇಳಿಯುವ ರಸ ಚಹಾದಂತೆ ತಿಳಿಯಾಗಿದೆ, ಗಂಟನ್ನು ತಿರುಚುತ್ತಾ ಹೋದಂತೆ ಕಂದು ಬಣ್ಣ ಗಾಢವಾಗಿ, ಕೊನೆಯ ಹನಿಗಳು ಬಟ್ಟೆಯ ಮೈಗೆ ಅಂಟಿಕೊಂಡು ಬೀಳಲು ತಡಮಾಡುತ್ತವೆ. ಸವ್ತಾ ಆ ಗಂಟನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಒಳಗೆ ಹತ್ತಿಯಂಥ ಒಣ ಸಿಪ್ಪೆ ಮಾತ್ರ ಉಳಿದಿದೆಯೆಂದು ಮನವರಿಕೆಯಾಗುವವರೆಗೆ ‘ಓದ್’ ಎನ್ನುತ್ತಲೇ ಇರುತ್ತಾರೆ, ಅಂದರೆ ‘ಇನ್ನೂ’ ಎಂದು.

ಈ ರಸವನ್ನು ಮತ್ತೆ ಒಲೆಗೇರಿಸಿ, ಎರಡು ಗಂಟೆಯ ಹೊತ್ತು ಬತ್ತಿಸಿದಾಗ ಸಿಲಾನ್ ಎಂಬ ಖರ್ಜೂರದ ಪಾಕ ಸಿದ್ಧವಾಗುತ್ತದೆ. ಮೊದಲ ವರ್ಷ ಈ ಹಂತದಲ್ಲಿ ನಾನು ಆತುರಪಟ್ಟು ಉರಿಯನ್ನು ಏರಿಸಿದ್ದೆ. ತಳ ಹಿಡಿದು, ಇಡೀ ಪಾತ್ರೆಗೆ ಸೀದ ವಾಸನೆ ಹತ್ತಿ, ಒಂದು ದಿನದ ಕೆಲಸವೆಲ್ಲ ಕೈಬಿಟ್ಟುಹೋಗಿತ್ತು. ಅಂಗಡಿಯಲ್ಲಿ ಬಾಟಲಿಯ ಸಿಲಾನ್ ಧಾರಾಳವಾಗಿ ಸಿಗುವುದರಿಂದ ಅದನ್ನೇ ತರುತ್ತೇನೆಂದು ನಾನು ಹೇಳಿದಾಗ ಸವ್ತಾ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಇನ್ನೊಂದು ಕಿಲೋ ಖರ್ಜೂರವನ್ನು ಮೇಜಿನ ಮೇಲಿಟ್ಟು, ಬೀಜ ಬಿಡಿಸಲು ನನ್ನ ಪಕ್ಕದಲ್ಲೇ ಕುಳಿತರು.

ಈಗ ನನಗೆ ಅಂದಾಜು ಸಿಕ್ಕಿರುವುದು ನಮ್ಮೂರ ಆಲೆಮನೆಯ ನೆನಪಿನಿಂದ. ಗುಳ್ಳೆಗಳು ಮೊದಲು ಚಿಕ್ಕದಾಗಿ ಚಟಪಟನೆ ಒಡೆಯುತ್ತವೆ. ಆಮೇಲೆ ದೊಡ್ಡದಾಗಿ, ಸೋಮಾರಿಯಾಗಿ ಮೇಲೇಳುತ್ತವೆ. ಜೋನಿಬೆಲ್ಲದ ಹದಕ್ಕಿಂತ ಒಂದು ಗಳಿಗೆ ಮೊದಲೇ ಉರಿ ಆರಿಸಬೇಕು, ಏಕೆಂದರೆ ತಣ್ಣಗಾಗುತ್ತಾ ಅದು ತಾನಾಗಿ ಗಟ್ಟಿಯಾಗುತ್ತದೆ. ಚಮಚದ ಬೆನ್ನಿನ ಮೇಲೆ ಬೆರಳೆಳೆದಾಗ ಗೆರೆ ಹಾಗೆಯೇ ನಿಂತರೆ ಹದ ಬಂದಂತೆ. ಎರಡೂವರೆ ಲೀಟರ್ ನೀರು ಮತ್ತು ಒಂದು ಕಿಲೋ ಹಣ್ಣಿನಿಂದ ಕೊನೆಗೆ ದೊರಕುವುದು ಅರ್ಧ ಲೀಟರಿನ ಆಸುಪಾಸು. ಹಾಲು ಜೇನು ಹರಿಯುವ ನಾಡು ಎಂದು ತೋರಾದಲ್ಲಿ ಬರುವ ಜೇನು ಕೂಡ ಖರ್ಜೂರದ ಈ ಪಾಕವೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಪಾಕ ಬತ್ತುವ ಹೊತ್ತಿನಲ್ಲಿ ಸವ್ತಾ ಹಬ್ಬದ ಅಕ್ಕಿಯನ್ನು ಆರಿಸುತ್ತಾರೆ. ಗೋಧಿಯ ಒಂದು ಕಾಳೂ ಬೆರೆತಿರಬಾರದೆಂದು ಮೂರು ಬಾರಿ ಆರಿಸಬೇಕು. ಯುರೋಪಿನ ಮೂಲದ ಕುಟುಂಬಗಳು ಈ ಹಬ್ಬದಲ್ಲಿ ಅನ್ನವನ್ನೂ ಮುಟ್ಟದಿರುವುದು ರೂಢಿ. ಇಲ್ಲಿ ಅನ್ನವಿದೆ ಎಂಬುದು ನನಗೆ ದೊಡ್ಡ ನೆಮ್ಮದಿ. ಅಕ್ಕಿಯ ಮೇಲೆ ಬೆರಳಾಡಿಸುತ್ತಲೇ ಅವರು ಬಾಗ್ದಾದಿನ ಮಾತು ತೆಗೆಯುತ್ತಾರೆ. 1950 ಮತ್ತು 1951ರಲ್ಲಿ ಇರಾಕಿನಿಂದ ಸುಮಾರು 1,20,000 ಯೆಹೂದಿಗಳು ವಿಮಾನಗಳಲ್ಲಿ ಇಸ್ರೇಲಿಗೆ ಬಂದರು. ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯ ಸಮುದಾಯವೊಂದು ಹೆಚ್ಚುಕಡಿಮೆ ಪೂರ್ತಿಯಾಗಿ ಎದ್ದುಬಂದಿತು. ಆಗ ಸವ್ತಾಗೆ ಏಳು ವರ್ಷ. ಮೊದಲ ಪೆಸಾಹ್ ಕಳೆದದ್ದು ವಲಸಿಗರ ಶಿಬಿರದ ಡೇರೆಯಲ್ಲಿ. ಅವರ ತಾಯಿ ಅಲ್ಲಿ ಸೀಮೆಎಣ್ಣೆಯ ಒಲೆಯ ಮೇಲೆ ಸಿಕ್ಕಷ್ಟು ಖರ್ಜೂರವನ್ನು ಬೇಯಿಸಿ, ತಮ್ಮ ತಲೆವಸ್ತ್ರದಲ್ಲೇ ಹಿಂಡಿದ್ದರಂತೆ.

ಆಕ್ರೋಟನ್ನು ಯಂತ್ರದಲ್ಲಿ ಪುಡಿಮಾಡಬಾರದು, ಎಣ್ಣೆ ಬಿಡುತ್ತದೆ. ಇನ್ನೂರು ಗ್ರಾಂನಷ್ಟನ್ನು ಚಾಕುವಿನಿಂದ ಕೊಚ್ಚಿ, ಬಡಿಸುವ ಹೊತ್ತಿಗೆ ಪಾಕದ ಮೇಲೆ ಹರಡಿದರೆ ಕೆಸರಿನೊಳಗಿನ ಹುಲ್ಲುಕಡ್ಡಿಯಂತೆ ಹಲ್ಲಿಗೆ ಸಿಗುತ್ತದೆ.

ಸೂರ್ಯಾಸ್ತಕ್ಕೆ ಹಬ್ಬ ಆರಂಭವಾದ ಮೇಲೆ ಈ ಮನೆಯಲ್ಲಿ ಕ್ಯಾಮೆರಾ ಬಳಸುವಂತಿಲ್ಲ. ಆದ್ದರಿಂದ ಈಗ ಕಾಣುತ್ತಿರುವ ಮೇಜಿನ ದೃಶ್ಯ ಸೂರ್ಯಾಸ್ತಕ್ಕೆ ಮುಂಚೆ ತೆಗೆದದ್ದು. ಮುಂದಿನದನ್ನು ಕಳೆದ ವರ್ಷದ ಸೇದರ್‌ನ ನೆನಪಿನಿಂದ ಹೇಳುತ್ತೇನೆ. ಈಜಿಪ್ಟಿನಿಂದ ಹೊರಟ ಪೂರ್ವಜರನ್ನು ಅಭಿನಯಿಸುತ್ತಾ ಮೊಮ್ಮಗ ಮತ್ಸಾವನ್ನು ಬಟ್ಟೆಯಲ್ಲಿ ಕಟ್ಟಿ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತ. ಎಲ್ಲಿಂದ ಬಂದೆ ಎಂದು ಸವ್ತಾ ಬಾಗ್ದಾದಿನ ಅರಬ್ಬಿಯಲ್ಲಿ ಕೇಳಿದರು, ಈಜಿಪ್ಟಿನಿಂದ ಎಂದ. ಎಲ್ಲಿಗೆ ಹೊರಟೆ ಎಂದರೆ, ಜೆರುಸಲೇಮಿಗೆ ಎಂದ. ಆಮೇಲೆ ಮಾರೋರ್‌ನ ಸರದಿ ಬಂದಿತು. ಇಲ್ಲಿ ಅದು ಉದ್ದನೆಯ ಲೆಟ್ಯೂಸ್ ಎಲೆ, ಮೊದಲ ಕಡಿತಕ್ಕೆ ಸಪ್ಪೆ, ಆಮೇಲೆ ಕಹಿ. ಅದನ್ನು ಹಲೇಕ್‌ನಲ್ಲಿ ಅದ್ದಿ ಕೊಡವಬೇಕು. ಸಿಹಿ ಕಹಿಯನ್ನು ಪೂರ್ತಿ ಮುಚ್ಚಿಬಿಡಬಾರದೆಂಬುದು ನಿಯಮ. ನಾನು ತಿಳಿಯದೆ ಪಾಕ ತುಂಬಿದ ಎಲೆಯನ್ನು ಬಾಯಿಗೆ ಒಯ್ಯುತ್ತಿದ್ದಾಗ ಸವ್ತಾ ನನ್ನ ಮಣಿಕಟ್ಟನ್ನು ಹಿಡಿದು, ಬಟ್ಟಲಿನ ಮೇಲೆ ಎರಡು ಬಾರಿ ಮೆಲ್ಲಗೆ ಕೊಡವಿಸಿ, ‘ಈಗ ತಿನ್ನು’ ಎಂದರು.